ಗುಂಡಿ ಮುಚ್ಚಿ ಹೋದವರು

"ನಮ್ಮ ಜೋಳಿಗೆಯನ್ನೇ ಸುರಿಸಿ ನೋಡಿದರಲ್ಲ ಗುರುಗಳೇ, ಇನ್ನು ನಾವು ತಂಗಿದ ಜಾಗವನ್ನು ಗುಡಿಸಿ ಬರುವುದರಿಂದ ಏನು ಬಂತು?" ಎಂದು ಕೊಟ್ರಯ್ಯ ಕೇಳಿದ.

ಗುರುವೂ ಶಿಷ್ಯನೂ ಊರೂರು ತಿರುಗುವವರು. ಅವರಿಗೆ ಮಠವಿರಲಿಲ್ಲ. ಹೊತ್ತು ಮುಳುಗಿದಲ್ಲಿ ಒಂದು ಟಾರ್ಪಾಲು ಕಟ್ಟಿಕೊಂಡು ಮಲಗುವುದು, ಬೆಳಗಾದರೆ ಬೂದಿಯ ಬಿಸಿ ಆರಿಸಿ, ಒಲೆಯ ಕಲ್ಲುಗಳನ್ನು ತಂದ ಕಡೆಗೇ ಇಟ್ಟು, ನೆಲ ಗುಡಿಸಿ ಹೊರಡುವುದು ಅವರ ಕ್ರಮ. ಆ ದಿನ ಬೆಳಗ್ಗೆ ಒಂದು ಊರಿನ ಗೋಮಾಳದಲ್ಲಿ ಹಾಗೆ ಗುಡಿಸುತ್ತಿರುವಾಗ ಊರಿನ ಕೆಲವರು ಬಂದು, "ಏನು ಮುಚ್ಚಿಡುತ್ತಿದ್ದೀರಿ?" ಎಂದು ತಡೆದಿದ್ದರು. ಜೋಳಿಗೆಯಲ್ಲಿ ಸಿಕ್ಕಿದ್ದು ರಾಗಿಹಿಟ್ಟು, ಒಂದು ತಂಬಿಗೆ. ಅವರು ಒಂದು ಒಳ್ಳೆಯ ಮಾತೂ ಆಡದೆ ಹೋಗಿದ್ದರು.

"ಕಸ ಚೆಲ್ಲಿ ಹೋದವರನ್ನು ಯಾರೂ ಕೇಳುವುದಿಲ್ಲ. ಗುಡಿಸಿದವರನ್ನು ಕಳ್ಳರ ಹಾಗೆ ನೋಡುತ್ತಾರೆ. ನಾಳೆಯಿಂದ ನಾನು ಪೊರಕೆ ಮುಟ್ಟುವುದಿಲ್ಲ" ಎಂದ ಕೊಟ್ರಯ್ಯ.

"ಹಾಗೋ" ಎಂದರು ಗುರುಗಳು. "ಬಾ, ಈ ಮರದ ಕೆಳಗೆ ಕೂತುಕೋ. ನನಗೂ ಕಾಲು ನೋಯುತ್ತಿದೆ, ನಿನ್ನ ಮುಖವೂ ಹುಳಿ ಮಜ್ಜಿಗೆ ಕುಡಿದವನ ಮುಖದ ಹಾಗಿದೆ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಹೀಗೆಂದು ಹೇಳತೊಡಗಿದರು.

ಒಬ್ಬ ಮೇಕೆ ಕಾಯುವವನಿದ್ದ. ಹಳೆಯ ಕೋಟೆಯಿರುವ ಒಂದು ಕಲ್ಲುಬೆಟ್ಟವೇ ಅವನ ಪ್ರಪಂಚ. ಬೆಟ್ಟದ ಮೇಲೆ ಒಂದು ದೊಣೆಯಿತ್ತು. ಬಂಡೆಯ ತಗ್ಗಿನಲ್ಲಿ ಮಳೆಯ ನೀರು ತುಂಬಿ ನಿಲ್ಲುತ್ತದಲ್ಲ, ಅದು. ಎಂಥ ಬೇಸಿಗೆಯಲ್ಲೂ ಅದರಲ್ಲಿ ನೀರು ಉಳಿಯುತ್ತಿತ್ತು. ಆ ನೀರಿದ್ದರೆ ಮೇಕೆ, ಮೇಕೆಯಿದ್ದರೆ ಅವನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಅದು ಬಿಟ್ಟರೆ ನೀರಿಗೆ ಬೆಟ್ಟ ಇಳಿದು ಹರದಾರಿ ನಡೆಯಬೇಕು.

ಆ ಕೋಟೆಯೊಳಗೆ ಹಿಂದಿನ ಪಾಳೇಗಾರ ಕೊಪ್ಪರಿಗೆ ತುಂಬ ಹೊನ್ನು ಹೂತಿದ್ದಾನೆಂದು ಊರಿನವರ ನಂಬಿಕೆ. ಕೋಟೆಯಿದ್ದ ಯಾವ ಊರಿನಲ್ಲಿ ಈ ಮಾತಿಲ್ಲ ಹೇಳು? ಅದನ್ನು ನಂಬಿ ಕದ್ದು ಅಗೆಯಲು ಬರುವವರೂ ಇದ್ದರು. ಹಾಗಾಗಿ ಬೆಟ್ಟಕ್ಕೆ ಯಾರು ಬಂದರೂ ಮೇಕೆಯವನು ಮುಖ ನೋಡುವ ಮೊದಲು ಅವರ ಕೈಯಲ್ಲಿ ಏನಿದೆ ಅಂತ ನೋಡುತ್ತಿದ್ದ.

ಒಂದು ಬೇಸಿಗೆಯ ಸಂಜೆ ಕೋಟೆಯ ಮಣ್ಣಿನ ರಸ್ತೆ ಹಿಡಿದು ಒಂದು ವ್ಯಾನು ಬಂತು. ಒಳಗೇ ಮಂಚ, ಒಲೆ ಇಟ್ಟುಕೊಂಡ ವ್ಯಾನು. ಇಬ್ಬರೇ, ಗಂಡ ಹೆಂಡತಿ. ಗಂಡ ಇಳಿದು ಬಂದು ಕೈಮುಗಿದು, "ಇವತ್ತೊಂದು ರಾತ್ರಿ ಇಲ್ಲಿ ತಂಗಿದರೆ ನಿಮಗೆ ತೊಂದರೆಯಿಲ್ಲವಲ್ಲ?" ಎಂದು ಕೇಳಿದ.

ಅನುಮಾನ ಹುಟ್ಟಿದ್ದೇ ಅಲ್ಲಿ. ಅದುವರೆಗೆ ಬೆಟ್ಟಕ್ಕೆ ಬಂದ ಒಬ್ಬರೂ ಅವನನ್ನು ಏನೂ ಕೇಳಿರಲಿಲ್ಲ. ಬರುತ್ತಿದ್ದರು, ಕಿವಿ ಕಿವುಡಾಗುವ ಹಾಗೆ ಹಾಡು ಹಾಕುತ್ತಿದ್ದರು, ಬಾಟಲಿ ಒಡೆದು ಹೋಗುತ್ತಿದ್ದರು. ಅವರ ಮೇಲೆ ಅವನಿಗೆ ಸಿಟ್ಟಿತ್ತು, ಅನುಮಾನವಿರಲಿಲ್ಲ. ಇವರು ನೋಡಿದರೆ ಅಪ್ಪಣೆ ಕೇಳುತ್ತಾರೆ. ಮನೆಮಠ ಇದ್ದವರು ಬಯಲಲ್ಲಿ ಯಾಕೆ ಮಲಗಬೇಕು? ಮಲಗುವವರು ಮೇಕೆ ಕಾಯುವವನಿಗೆ ಯಾಕೆ ಕೈಮುಗಿಯಬೇಕು? "ಇರಿ, ನನಗೇನು" ಅಂದ. ಅಂದು, ಒಂದು ಬಂಡೆಯ ಮರೆಗೆ ಹೋಗಿ ಕೂತ.

ದೊಣೆಯ ದಂಡೆ ಸಮತಟ್ಟಾಗಿತ್ತು, ತಂಪಾಗಿತ್ತು. ಅವರು ಅದನ್ನು ಬಿಟ್ಟು ದೂರದ ಕಲ್ಲುನೆಲದ ಮೇಲೆ ವ್ಯಾನು ನಿಲ್ಲಿಸಿದರು. ಹೆಂಡತಿ ದೊಣೆಯಿಂದ ಒಂದು ಬಕೆಟ್ ನೀರು ತುಂಬಿಕೊಂಡು ಅಷ್ಟು ದೂರ ಹೊತ್ತು, ಅಲ್ಲಿ ಪಾತ್ರೆ ತೊಳೆದಳು. ನೀರು ಇಲ್ಲಿರುವಾಗ ಅಲ್ಲಿಗೆ ಯಾಕೆ ಹೊತ್ತಳು ಅಂತ ಮೇಕೆಯವನು ತಲೆ ಕೆಡಿಸಿಕೊಂಡ. ಸುತ್ತಲೂ ಒಣಹುಲ್ಲು ನಿಂತಿತ್ತು, ಅವರು ಬೆಂಕಿ ಹಾಕಲಿಲ್ಲ. ಬೆಳಕು ಊರಿಗೆ ಕಾಣಬಾರದು ಅಂತಲೇ ಹಾಕಿಲ್ಲ ಎಂದುಕೊಂಡ. ಮಾತನ್ನೂ ಮೆಲ್ಲಗೆ ಆಡುತ್ತಿದ್ದರು. ಅವನು ಎಷ್ಟು ಕಿವಿಗೊಟ್ಟರೂ ಒಂದೂ ಕೇಳಿಸಲಿಲ್ಲ.

ಮರುದಿನ ಬೆಳಕು ಹರಿಯುವಾಗ ಅವನು ಮೇಕೆ ಹೊಡೆದುಕೊಂಡು ಬಂದು ಅದೇ ಬಂಡೆಯ ಮರೆಯಲ್ಲಿ ನಿಂತ. ಗಂಡ ವ್ಯಾನಿನಿಂದ ಇಳಿದ. ಕೈಯಲ್ಲಿ ಒಂದು ಪುಟ್ಟ ಸಲಿಕೆ. ನಾಲ್ಕೂ ಕಡೆ ನೋಡಿದ. ನೀರಿನಿಂದ ಬಹಳ ದೂರ, ದಿಬ್ಬದಾಚೆಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ನಿರಾಳವಾಗಿ ಬಂದ.

ನಾಲ್ಕೂ ಕಡೆ ನೋಡಿದ ಅನ್ನುವುದೇ ಮೇಕೆಯವನಿಗೆ ದೊಡ್ಡ ಸಾಕ್ಷಿಯಾಯಿತು. ಆ ಕೆಲಸಕ್ಕೆ ಹೋಗುವ ಯಾವ ಮನುಷ್ಯ ನಾಲ್ಕೂ ಕಡೆ ನೋಡುವುದಿಲ್ಲ ಹೇಳು ಕೊಟ್ರಯ್ಯ?

ಹೊರಡುವ ಮುಂಚೆ ಇಬ್ಬರೂ ಸೇರಿ ತುಳಿದ ಹುಲ್ಲನ್ನು ಕೋಲಿನಿಂದ ಎಬ್ಬಿಸಿ ನಿಲ್ಲಿಸಿದರು. ಗಾಲಿಯ ಗುರುತನ್ನು ಸೊಪ್ಪಿನಿಂದ ಒರೆಸಿದರು. ಬಗ್ಗಿ ಬಗ್ಗಿ ಏನೇನೋ ಹೆಕ್ಕಿ ಚೀಲಕ್ಕೆ ತುಂಬಿದರು. ಬಂದಾಗ ಮಡಚಿಟ್ಟಿದ್ದ ಚೀಲ ಹೋಗುವಾಗ ಉಬ್ಬಿಕೊಂಡಿತ್ತು. ಮೇಕೆಯವನಿಗೆ ತಡೆಯಲಾಗಲಿಲ್ಲ. ಎದುರಿಗೇ ಬಂದು ನಿಂತ.

"ಚೀಲದಲ್ಲಿ ಏನು?"

"ಕಸ. ನಮ್ಮದು ಒಂದಿಷ್ಟು, ಉಳಿದದ್ದು ಮೊದಲು ಬಂದವರದು."

"ಕಂಡವರ ಕಸ ನಿಮಗೆ ಯಾಕೆ?"

ಗಂಡ ಚೀಲವನ್ನು ವ್ಯಾನಿನೊಳಗೆ ಇಟ್ಟ. ಸುಮ್ಮನೆ ನಕ್ಕ. ಆ ನಗು ಇವನ ತಲೆಯಲ್ಲಿ ಕೂತುಬಿಟ್ಟಿತು.

ವ್ಯಾನು ಮರೆಯಾದದ್ದೇ ತಡ, ಮೇಕೆಯವನು ದಿಬ್ಬದಾಚೆಗೆ ಓಡಿದ. ಅಲ್ಲಿ ಏನೂ ಇಲ್ಲ. ಮಣ್ಣು, ತರಗೆಲೆ, ಎಲ್ಲ ಇದ್ದ ಹಾಗೇ ಇದೆ. ಅಗೆದದ್ದನ್ನು ಇಷ್ಟು ನಾಜೂಕಾಗಿ ಮುಚ್ಚಿದ್ದಾನೆಂದರೆ ಒಳಗಿರುವುದು ಸಣ್ಣದಲ್ಲ ಎಂದುಕೊಂಡ. ಮನೆಯಿಂದ ಹಾರೆ ಗುದ್ದಲಿ ತಂದು ಅಗೆಯತೊಡಗಿದ. ಅಲ್ಲಿ ಅಗೆದ, ಇಲ್ಲಿ ಅಗೆದ. ಕೊನೆಗೆ ಒಂದು ಕಡೆ ಮಣ್ಣು ಮೆತ್ತಗೆ ಸಿಕ್ಕಿತು. ಆಸೆಯಿಂದ ಕೈ ಹಾಕಿದ. ಏನು ಸಿಕ್ಕಿತು ಅಂತ ನಾನು ಹೇಳುವುದಿಲ್ಲ, ಅವನೂ ಯಾರಿಗೂ ಹೇಳಲಿಲ್ಲ. ಓಡಿಹೋಗಿ ಆ ಕೈಯನ್ನು ದೊಣೆಯಲ್ಲೇ ಅದ್ದಿ ತೊಳೆದ.

ನಗಬೇಡ. ನೀನಾಗಿದ್ದರೆ ಅಲ್ಲಿಗೇ ಬಿಟ್ಟು ಮನೆಗೆ ಹೋಗುತ್ತಿದ್ದೆ. ಅವನು ಬಿಡಲಿಲ್ಲ. ಮೇಲೆ ಹೇಸಿಗೆ ಇಟ್ಟರೆ ಕೆಳಗೆ ಯಾರೂ ಕೈ ಹಾಕುವುದಿಲ್ಲ ಅಂತ ಲೆಕ್ಕ ಹಾಕಿದ್ದಾನೆ, ಎಂಥ ಖದೀಮ ಇರಬೇಕು ಎಂದು ಹಲ್ಲು ಕಡಿದು ಇನ್ನೂ ಆಳಕ್ಕೆ ಅಗೆದ.

ಬುತ್ತಿ ತಂದ ಅವನ ಹೆಂಡತಿ ಗುಂಡಿಗಳನ್ನು ನೋಡಿ ನಿಂತಳು. "ಅವರು ತೆಗೆದುಕೊಂಡು ಹೋಗಿದ್ದರೆ ಇಲ್ಲಿ ಇನ್ನೇನಿರುತ್ತದೆ? ಹೂತಿಟ್ಟು ಹೋಗಿದ್ದರೆ ಅದು ನಿನ್ನದು ಹೇಗಾಗುತ್ತದೆ?" ಎಂದು ಕೇಳಿದಳು.

"ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು" ಎಂದ. ಅವನಿಗೂ ಗೊತ್ತಾಗಿರಲಿಲ್ಲ.

ಅಲ್ಲಿಂದ ಮುಂದೆ ಅವನ ತಲೆ ಇನ್ನೊಂದು ದಾರಿ ಹಿಡಿಯಿತು. ಇವರು ಕೈಯಿಟ್ಟ ಜಾಗ ಏನೂ ಆಗದಂತೆ ಕಾಣುತ್ತದೆ. ಹಾಗಾದರೆ ಏನೂ ಆಗದಂತೆ ಕಾಣುವ ಜಾಗದಲ್ಲೆಲ್ಲ ಇವರು ಕೈಯಿಟ್ಟಿರಬಹುದು. ಎಲ್ಲಿ ಹುಲ್ಲು ನೆಟ್ಟಗೆ ನಿಂತಿತ್ತೋ ಅಲ್ಲಿ ಅಗೆದ. ಎಲ್ಲಿ ನೆಲ ಚೊಕ್ಕವಾಗಿತ್ತೋ ಅಲ್ಲಿ ಅಗೆದ. ಅಗೆಯುತ್ತ ಅಗೆಯುತ್ತ ದೊಣೆಯ ಮೇಲಿನ ಇಳಿಜಾರಿನವರೆಗೂ ಬಂದ. ಹುಲ್ಲಿನ ಬೇರು ಹಿಡಿದಿಟ್ಟುಕೊಂಡಿದ್ದ ಮಣ್ಣನ್ನೆಲ್ಲ ಕೆದಕಿ ರಾಶಿ ಹಾಕಿದ. ಎಲ್ಲಿಯೂ ಏನೂ ಸಿಗಲಿಲ್ಲ.

ಕೆಲವು ದಿನ ಕಳೆದು ಒಂದು ಅಡ್ಡಮಳೆ ಬಂತು. ಒಂದೇ ಮಳೆ, ಜೋರಾಗಿ ಹೊಡೆದು ನಿಂತಿತು. ಅಗೆದ ಮಣ್ಣೆಲ್ಲ ಇಳಿದು ದೊಣೆಯಲ್ಲಿ ಕೂತಿತು. ಬೆಳಗ್ಗೆ ಮೇಕೆಗಳು ಹೋಗಿ ಕೆಸರಿಗೆ ಮೂತಿ ಇಟ್ಟು ಹಿಂದೆ ಸರಿದವು. ಮತ್ತೆ ಅದೇ ಬಿಸಿಲು. ಅವನು ಮಂದೆಯನ್ನು ದಿನವೂ ಬೆಟ್ಟ ಇಳಿಸಿ ನೀರಿಗೆ ಹೊಡೆದ. ದೊಡ್ಡವು ನಡೆದವು, ಮರಿಗಳು ದಾರಿಯಲ್ಲೇ ಮಲಗಿದವು. ಒಂದನ್ನು ಹೆಗಲ ಮೇಲೆ ಹೊತ್ತು ಅಳುತ್ತ ಇಳಿದ. ಕೆಳಗೆ ಮುಟ್ಟುವಾಗ ಅದೂ ಉಸಿರಾಡುತ್ತಿರಲಿಲ್ಲ. ಅವನ ದುಃಖ ಸುಳ್ಳಲ್ಲ ಕೊಟ್ರಯ್ಯ. ಆದರೆ ಊರಿಗೆ ಹೋಗಿ ಏನು ಹೇಳಿದ ಗೊತ್ತೆ? ಆ ವ್ಯಾನಿನವರು ಬಂದು ಅಗೆದು ದೊಣೆ ಹಾಳು ಮಾಡಿದರು ಅಂದ. ಊರು ನಂಬಿತು. ಹೇಳುತ್ತ ಹೇಳುತ್ತ ಅವನೂ ನಂಬಿದ.

ಮಳೆಗಾಲ ಬಂದರೂ ದೊಣೆ ತುಂಬಲಿಲ್ಲ. ನೀರು ನಿಲ್ಲುವ ಜಾಗದಲ್ಲಿ ಮಣ್ಣು ನಿಂತಿತ್ತು. ಅರ್ಧ ಮಂದೆ ಸಂತೆಗೆ ಹೋಯಿತು.

ಮುಂದಿನ ಬೇಸಿಗೆಯಲ್ಲಿ ಆ ವ್ಯಾನು ಮತ್ತೆ ಬಂತು. ಮೇಕೆಯವನು ಕೋಲು ಅಡ್ಡ ಹಿಡಿದು ದಾರಿಯಲ್ಲೇ ನಿಲ್ಲಿಸಿದ. "ನೀನು ಅಗೆದು ಹೋದೆ, ನನ್ನ ನೀರು ಹೋಯಿತು, ನನ್ನ ಮರಿಗಳು ಸತ್ತವು" ಎಂದು ಬಾಯಿಗೆ ಬಂದಂತೆ ಬೈದ.

ಗಂಡ ಇಳಿದು ಸುತ್ತ ನೋಡಿದ. ಒಂದೊಂದು ಗುಂಡಿಯೂ ಒಂದು ಕರು ನಿಲ್ಲುವಷ್ಟು ಆಳ. ಅವನ ಸಲಿಕೆ ಸಾರು ಬಡಿಸುವ ಸೌಟಿನಷ್ಟಿತ್ತು. ಹೆಂಡತಿ ಅದನ್ನು ತಂದು ತೋರಿಸಲು ಹೊರಟಳು. ಗಂಡ ಅವಳ ಕೈ ಹಿಡಿದು ತಡೆದ. ದೊಣೆಯ ಕಡೆ ನೋಡಿ, "ಈ ಮಣ್ಣು ತೆಗೆದರೆ ನೀರು ನಿಲ್ಲುತ್ತದೆಯೆ?" ಎಂದು ಕೇಳಿದ.

"ನಿಲ್ಲದೆ ಏನು."

"ಹಾಗಾದರೆ ನಿಮ್ಮಲ್ಲಿ ಬುಟ್ಟಿ ಇದೆಯೆ?"

ಬುಟ್ಟಿ ಬಂತು, ಗುದ್ದಲಿಯೂ ಬಂತು. ಗಂಡ ಹೆಂಡತಿ ದೊಣೆಗೆ ಇಳಿದರು. ಮೇಕೆಯವನು ಬಂಡೆಯ ಮೇಲೆ ಕೂತು ಬೀಡಿ ಹಚ್ಚಿದ. ಬೀಡಿ ಮುಗಿಯುವ ಮುಂಚೆಯೇ ಅವನಿಗೆ ಹೊಳೆಯಿತು. ನಿಧಿ ಇರುವುದು ದೊಣೆಯ ತಳದಲ್ಲಿ. ಹೋದ ಸಲ ನೀರಿತ್ತು, ತೆಗೆಯಲಾಗಲಿಲ್ಲ. ಈಗ ತೆಗೆಯಲು ಬಂದಿದ್ದಾರೆ. ಇಲ್ಲದಿದ್ದರೆ ಬಂದ ದಾರಿಯಲ್ಲಿ ಹೋಗುವವರು ನನ್ನ ದೊಣೆಯ ಮಣ್ಣನ್ನು ಯಾಕೆ ಎತ್ತುತ್ತಾರೆ?

ಎದ್ದು ಪಂಚೆ ಎತ್ತಿಕಟ್ಟಿದ. ಅವರು ತುಂಬಿದ ಒಂದು ಬುಟ್ಟಿಯನ್ನೂ ಅವರೇ ಹೊರಲು ಬಿಡಲಿಲ್ಲ. ಪ್ರತಿಯೊಂದನ್ನೂ ತಾನೇ ಹೊತ್ತು ಮೇಲೆ ಒಯ್ದ. ಸುರಿದು, ಹೆಂಟೆ ಒಡೆದು, ಬೆರಳಾಡಿಸಿ ಹುಡುಕಿದ. ಏನೂ ಇಲ್ಲವೆಂದಾಗ ಸಿಟ್ಟಿನಿಂದ ಅಲ್ಲಿದ್ದ ಗುಂಡಿಗೆ ಕಾಲಿನಿಂದ ನೂಕಿದ. ದೊಣೆ ಖಾಲಿಯಾದ ಹಾಗೆ ಗುಂಡಿಗಳು ತುಂಬುತ್ತ ಬಂದವು. ಕೂಲಿ ಕೊಟ್ಟಿದ್ದರೂ ಅವನು ಅಷ್ಟು ದುಡಿಯುತ್ತಿರಲಿಲ್ಲ. ವ್ಯಾನಿನವರು ಕೆಲಸ ಮುಗಿಯುವವರೆಗೂ ಅಲ್ಲೇ ಉಳಿದರು. ಕೊನೆಗೆ ತಳದ ಬಂಡೆ ಕಂಡಿತು. ಬಂಡೆಯಲ್ಲದೆ ಬೇರೇನೂ ಇರಲಿಲ್ಲ.

ಗಂಡ ಹೆಂಡತಿ ಮುಚ್ಚಿದ ಗುಂಡಿಗಳ ಮೇಲೆ ಹುಲ್ಲಿನ ಬುಡ ತಂದು ನೆಟ್ಟರು. ಹುಲ್ಲು ಎಬ್ಬಿಸಿದರು, ಗಾಲಿಯ ಗುರುತು ಒರೆಸಿದರು, ಕಸ ಚೀಲಕ್ಕೆ ತುಂಬಿಕೊಂಡರು. ಹೋಗುವಾಗ ಗಂಡ ಮತ್ತೆ ನಕ್ಕ. ಆ ವರ್ಷ ಮಳೆ ಬಂದು ದೊಣೆ ತುಂಬಿತು. ಮೇಕೆಗಳು ಮಂಡಿಯೂರಿ ನೀರು ಕುಡಿದವು.

ಈಗಲೂ ಬೆಟ್ಟಕ್ಕೆ ಹೋದವರಿಗೆಲ್ಲ ಮೇಕೆಯವನು ಹೇಳುತ್ತಾನೆ. "ನನ್ನ ಕಣ್ಣೆದುರಿಗೇ ನಿಧಿ ಹೊಡೆದುಕೊಂಡು ಹೋದರು. ಹೇಗೆ ಹೊಡೆದರೋ ಗೊತ್ತಾಗಲಿಲ್ಲ. ಏನೂ ಸಿಗದಿದ್ದರೆ ಅಷ್ಟು ಖುಷಿಯಾಗಿ ಯಾಕೆ ಹೋಗುತ್ತಿದ್ದರು?"

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ಸಿಟ್ಟಿನಿಂದ ಕೇಳಿದ.

"ಆ ಮನುಷ್ಯ ಒಂದು ಮಾತು ಹೇಳಲಿಲ್ಲವೆ? ಅಗೆದವನು ನೀನೇ ಅಂತ?"

"ಇಲ್ಲ."

"ಹಾಗಾದರೆ ಆ ಊರಿನಲ್ಲಿ ಅವನು ಇವತ್ತಿಗೂ ಕಳ್ಳನೇ."

"ಕಳ್ಳನೇ. ದೊಣೆಯಲ್ಲಿ ಇವತ್ತಿಗೂ ನೀರಿದೆ."

"ನೀರಿರಲಿ ಗುರುಗಳೇ. ಅಷ್ಟು ಒಳ್ಳೆಯದು ಮಾಡಿದವನ ಹೆಸರು ಆ ಊರಿನಲ್ಲಿ ಉಳಿಯಬಾರದಿತ್ತೆ?"

ಗುರುಗಳು ಎದ್ದು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡರು. ಜೋಳಿಗೆಯನ್ನು ಶಿಷ್ಯನ ಕೈಗೆ ಕೊಟ್ಟರು.

"ತಂಗಿದ ಜಾಗದಲ್ಲಿ ಒಂದು ಹಿಡಿ ಬೂದಿಯನ್ನೂ ಬಿಡದೆ ಬಂದವನು ನೀನು, ನಿನ್ನ ಒಳ್ಳೆಯ ಹೆಸರನ್ನು ಮಾತ್ರ ಅಲ್ಲಿ ಯಾಕೆ ಬಿಟ್ಟುಬರಬೇಕು ಅಂತಿದ್ದೀಯ?"