ತೂಬಿನ ತನಕ ಬಂದ ಹೆಜ್ಜೆ

“ಗುರುಗಳೇ, ದಿನವೂ ನಡೆದರೆ ಮೈಯ ಕೊಬ್ಬೂ ಕರಗುತ್ತದೆ, ಮನಸ್ಸಿನ ಕೊಳೆಯೂ ಕರಗುತ್ತದೆ ಅನ್ನುತ್ತಾರೆ. ನಮ್ಮೂರಿನವರು ಕೆರೆ ಏರಿಯ ಮೇಲೆ ಇಷ್ಟು ವರ್ಷ ನಡೆದರೂ ಯಾಕೆ ಹಾಗೇ ಇದ್ದಾರೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು.

ಒಂದು ಊರು. ಊರವರೆಲ್ಲ ಸೇರಿ ಕೆರೆ ಏರಿಯ ಮುಳ್ಳು ಕಡಿದು, ಕೆಮ್ಮಣ್ಣು ಹರಡಿ, ನಡೆಯುವುದಕ್ಕೂ ಸೈಕಲ್ ತುಳಿಯುವುದಕ್ಕೂ ಹಸನಾದ ದಾರಿ ಮಾಡಿದರು. ದಾರಿ ಶುರುವಾಗುವಲ್ಲಿ ಒಂದು ಕಲ್ಲುಬೆಂಚು ಹಾಕಿದರು. ಆರೋಗ್ಯಕ್ಕೆಂದು ಬಂದವರು ನೂರು ಹೆಜ್ಜೆ ನಡೆಯುವರು. ಉಳಿದ ಹೊತ್ತೆಲ್ಲ ಬೆಂಚಿನ ಮೇಲೆ ಕೂತು, ಯಾರು ಯಾರ ಜೊತೆ ನಡೆದರು ಎಂದು ನೋಡುವರು. ಕಾಲಿಗಿಂತ ನಾಲಿಗೆಗೇ ಹೆಚ್ಚು ವ್ಯಾಯಾಮ.

ಆ ಊರಲ್ಲಿ ಗಂಡ ಸತ್ತ ಹೆಣ್ಣುಮಗಳೊಬ್ಬಳಿದ್ದಳು. ಏರಿಯ ಆಚೆ ತುದಿಯ ಊರಿನ ಅಂಗನವಾಡಿಯಲ್ಲಿ ಅವಳಿಗೆ ಅಡುಗೆ ಕೆಲಸ. ಹಾಸಿಗೆ ಹಿಡಿದ ತಾಯಿಯ ಮೈ ತೊಳೆದು, ಉಣಿಸಿ ಹೊರಡುವಷ್ಟರಲ್ಲಿ ಹೊತ್ತಾಗುತ್ತಿತ್ತು. ಇನ್ನೊಂದು ದಿನ ತಡವಾದರೆ ಕೆಲಸವಿಲ್ಲ ಎಂದು ಅಲ್ಲಿಯವರು ಹೇಳಿಬಿಟ್ಟರು. ಗಂಡನ ಸೈಕಲ್ ಗೋಡೆಗೆ ಒರಗಿತ್ತು. ಅವಳಿಗೆ ತುಳಿಯಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಮುದುಕ, ಹಿಂದೆ ಅಂಚೆ ಹಂಚುತ್ತಿದ್ದವನು, “ಬಾರವ್ವ, ನಾನು ಕಲಿಸ್ತೀನಿ” ಅಂದ.

ಮೂರು ದಿನ, ಬೆಳಕು ಹರಿಯುವ ಮುಂಚೆ ಇಬ್ಬರೂ ಏರಿಯ ಮೇಲೆ. ಇಬ್ಬನಿಗೆ ನೆಂದ ಮಣ್ಣಿನಲ್ಲಿ ಸೈಕಲ್ಲಿನ ಗೆರೆ, ಅದರ ಪಕ್ಕದಲ್ಲೇ ಗಂಡಸಿನ ಹೆಜ್ಜೆ. ಬೆಂಚಿನವರು ಬಂದು ನೋಡಿದರು. ಹೆಣ್ಣು ಯಾರು, ಗಂಡು ಯಾರು ಎಂದು ಪತ್ತೆ ಮಾಡಿದರು. ನಾಲ್ಕನೆಯ ದಿನ ಹೆಜ್ಜೆ ತೂಬಿನ ತನಕ ಮಾತ್ರ ಇತ್ತು. ಅಲ್ಲಿಂದ ಮುಂದೆ ಸೈಕಲ್ಲಿನ ಗೆರೆ ಒಂದೇ.

“ಅಯ್ಯೋ, ಮುದುಕನ ಕಾಲು ಎಲ್ಲಿ ಹೋಯ್ತ್ರೀ?” ಅಂದಳು ಒಬ್ಬಳು.

“ಕ್ಯಾರಿಯರ್ ಹತ್ತಿತು ಕಣಮ್ಮ. ಈ ವಯಸ್ಸಿನಲ್ಲಿ ಏನು ಹುರುಪು ನೋಡು!” ಅಂದಳು ಇನ್ನೊಬ್ಬಳು.

ಅವಳಿಗೆ ತುಳಿಯಲು ಬಂದಿತ್ತು, ಅಷ್ಟೇ. ಮುದುಕ ತಾನು ಹಿಡಿದುಕೊಂಡಿದ್ದ ಸೈಕಲ್ಲಿನ ಸೀಟನ್ನು ತೂಬಿನ ಹತ್ತಿರ ಬಿಟ್ಟು, ಅವಳು ಕಣ್ಮರೆಯಾಗುವ ತನಕ ನಿಂತು ನೋಡಿ, ಕಲ್ಲು ಮೆಟ್ಟಿಲಿಳಿದು ಗದ್ದೆಯ ಬದುವಿನ ಮೇಲೆ ಮನೆಗೆ ಹೋಗಿದ್ದ. ಮೆಟ್ಟಿಲಿನ ಕಡೆ ಯಾರೂ ಬಗ್ಗಿ ನೋಡಲಿಲ್ಲ.

ಪಂಚಾಯ್ತಿ ಸೇರಿತು. “ಸೀಟು ಹಿಡಿದಿದ್ದೆ, ತೂಬಿನ ಹತ್ತಿರ ಬಿಟ್ಟೆ” ಅಂದ ಮುದುಕ. “ಹಿಡಿದಿದ್ದನ್ನ ಅವನೇ ಒಪ್ಪಿಕೊಂಡ, ಬರ್ಕೊಳ್ಳಿ!” ಎಂದು ಬೆಂಚಿನವರು ಕೂಗಿದರು. ಹೆಂಗಸರು ಏರಿಯ ಮೇಲೆ ಸೈಕಲ್ ತುಳಿಯಕೂಡದು ಎಂದು ಬೋರ್ಡು ಬಿತ್ತು. ಅವಳು ಮತ್ತೆ ನಡೆದು ಹೋದಳು. ತಡವಾಯಿತು. ಕೆಲಸ ಹೋಯಿತು. ಸೈಕಲ್ ಮತ್ತೆ ಗೋಡೆಗೆ ಒರಗಿತು.

ಆ ಕೆಲಸ ಬೆಂಚಿನವಳೊಬ್ಬಳ ಸೊಸೆಗೆ ಸಿಕ್ಕಿತು. ಅವಳನ್ನು ಗಂಡ ದಿನವೂ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಅದೇ ಏರಿಯ ಮೇಲೆ, ಅದೇ ಬೋರ್ಡಿನ ಪಕ್ಕದಲ್ಲಿ ಹಾದು, ಬಿಟ್ಟು ಬರುತ್ತಾನೆ. ಬೆಂಚಿನವರು ಕೈ ಬೀಸುತ್ತಾರೆ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಅತ್ತ ಇತ್ತ ನೋಡಿ, ಇನ್ನಷ್ಟು ಹತ್ತಿರ ಬಂದು, ದನಿ ತಗ್ಗಿಸಿದ.

“ಅದಿರಲಿ ಗುರುಗಳೇ, ಮೂರು ದಿನ ಆ ನಸುಕಿನಲ್ಲಿ ಇಬ್ಬರೇ ಇದ್ದರಲ್ಲ… ನಿಜವಾಗಿಯೂ ಏನೂ ಇರಲಿಲ್ಲವೇ?”

“ಹೋಗಪ್ಪ, ಅವರು ಸ್ವಲ್ಪ ಸರಿದು ಕೂತರೆ ಆ ಬೆಂಚಿನ ಮೇಲೆ ನಿನಗೂ ಜಾಗವಾಗುತ್ತದೆ.”