ಒಂಬತ್ತು ಕುಂಬಳಬೀಜ

ನಗೋರು ನಗಿ. ಮುದ್ದೀರನ ಕತೆ ತೆಗೆದಾಗಲೆಲ್ಲ ನೀವು ನಗುತ್ತೀರಿ. ನಗೋಕೇನು, ಬೀಜ ನಿಮ್ಮದಲ್ಲವಲ್ಲ! ಬೀಜ ದೇವೀರಮ್ಮನದು. ಅವಳ ಹೊಟ್ಟೆ ಉರಿ ಅವಳಿಗೇ ಗೊತ್ತು.

ದೇವೀರಮ್ಮನಿಗೆ ಇದ್ದವನು ಒಬ್ಬನೇ ಮಗ, ಈ ಮುದ್ದೀರ. ಮೀಸೆ ಬಂದ ಗಂಡಸು. ಆಳು ನೋಡಿದರೆ ಬಾಗಿಲು ತುಂಬ. ಬುದ್ಧಿ ನೋಡೋಣವೆಂದರೆ, ಇಲ್ಲದ್ದನ್ನು ನೋಡುವುದು ಹೇಗೆ?

ಅವಳ ಹಿತ್ತಲಿನ ಸಿಹಿಗುಂಬಳ ತವರಿನದು. ಮದುವೆಯಾಗಿ ಹೊರಟ ದಿನ ಅವಳವ್ವ ಮಡಿಲಕ್ಕಿಯ ಜೊತೆ ಒಂದು ಹಿಡಿ ಬೀಜ ಹಾಕಿ, "ಇದ ಮಾತ್ರ ಕಳೀಬ್ಯಾಡ ಮಗಾ" ಅಂದಿದ್ದಳು. ಈಗ ತವರಲ್ಲಿ ಅವ್ವನೂ ಇಲ್ಲ, ಆ ಬಳ್ಳಿಯೂ ಇಲ್ಲ. ಹೋದ ವರ್ಷ ದೇವೀರಮ್ಮನ ಹಿತ್ತಲಲ್ಲಿ ಬಳ್ಳಿ ತುಂಬ ಪಿಂದೆ, ಎಳೆಗಾಯಿ. ಕುಂಬಳದ ಪಿಂದೆಗೆ ಬೆರಳು ತೋರಿಸಿದರೆ ಕೊಳೆತು ಹೋಗುತ್ತದೆ ಅಂತ ಎಳೆ ಮಕ್ಕಳಿಗೂ ಗೊತ್ತು. "ಎಷ್ಟು ಬಿಟ್ಟವ್ಲಾ?" ಅಂತ ಅವಳು ಕೇಳಿದ್ದೇ ತಪ್ಪಾಯಿತು. ಇವನು ಬೆರಳು ಚಾಚಿ ಒಂದು, ಎರಡು, ಮೂರು ಅಂತ ಇದ್ದಬದ್ದದ್ದನ್ನೆಲ್ಲ ಎಣಿಸಿದ. ಒಂದೊಂದೇ ಕೊಳೆತು ಉದುರಿತು. ಎಲೆಯಡಿ ಅವಿತುಕೊಂಡು ಎಣಿಕೆಗೆ ಸಿಗದ ಒಂದೇ ಕಾಯಿ ಉಳಿಯಿತು. ಅದರ ಬೀಜದಲ್ಲೂ ಇಲಿ ತಿಂದು ಬಿಟ್ಟದ್ದು ಬರೀ ಒಂಬತ್ತು. ಆ ಒಂಬತ್ತನ್ನು ಹಸಿ ಸಗಣಿಗೆ ಒತ್ತಿ, ಗೋಡೆಗೆ ಬಡಿದು, ದಿನಾ ಮುಟ್ಟಿ ನೋಡಿಕೊಂಡು ಕಾಪಾಡಿದ್ದಳು.

ಶಿವರಾತ್ರಿ ಬಂತು, ಚಳಿ ಶಿವಶಿವಾ ಅಂತ ಓಡಿತು. ಬೇಸಿಗೆ ಬಳ್ಳಿ ಹಾಕುವ ಕಾಲ. ದೇವೀರಮ್ಮ ಗೋಡೆಯ ಸಗಣಿ ಒಡೆದು ಮೂರು ಬೀಜ ತೆಗೆದಳು. ಗುಂಡಿಗೆ ಗೊಬ್ಬರ ಹಾಕಿ ಊರಿದಳು.

"ಲೋ ಮುದ್ದೀರ, ನಾನು ಹೊಲದ ಕೆಲಸಕ್ಕೆ ಹೋಯ್ತೀನಿ. ದಿನಾ ಒಂದು ಚೊಂಬು ನೀರು ಹಾಕು. ಮೊಳಕೆ ಬಂತಾ ಅಂತ ನೋಡ್ಕೊ!"

"ಆಗಲಿ ಕಣವ್ವ."

ಒಂದು ವಾರ ಆಯಿತು. ನೆಲದ ಮೇಲೆ ಹಸಿರೇ ಇಲ್ಲ.

"ಮೊಳಕೆ ಬರ್ಲಿಲ್ವಾ?"

"ಬಂದಿತ್ತಲ್ಲವ್ವ! ಬೆಳ್ಳಗೆ, ಚೆಂದಾಗಿ! ದಿನಾ ತೆಗೆದು ನೋಡಿ, ತೊಳೆದು, ತಿರುಗಾ ಹೂಳ್ತಿದ್ದೆ. ನಿನ್ನೆ ಮೂರೂ ಮುರಿದೋದೊ."

ದೇವೀರಮ್ಮ ತಲೆ ತಲೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಮನೆ ಕಾಯ್ಹೋಗ! ಮಣ್ಣಿಗೆ ಹಾಕಿದ್ದ ಯಾರಾರ ತೆಗೆದು ನೋಡ್ತಾರೇನ್ಲಾ? ಮುಚ್ಚಿದ ಮ್ಯಾಲೆ ಮುಚ್ಚಿದಂಗೇ ಇರ್ಬೇಕು! ಕೆದಕಬಾರದು, ಎತ್ತಬಾರದು, ಇಣುಕಬಾರದು! ತಿಳೀತಾ?"

"ತಿಳೀತು ಕಣವ್ವ."

ತಿಳಿಯಿತಂತೆ! ಉಳಿದದ್ದು ಆರು. ಅವಳು ಇನ್ನು ಮೂರು ಬೀಜ ಊರಿದಳು, ತಾನೇ ನೀರು ಹಾಕಿದಳು. ಮೂರೂ ಎದ್ದವು, ಎರಡೆರಡು ಎಲೆ ಬಿಟ್ಟವು. ಅಷ್ಟರಲ್ಲಿ ತಂಗಿಗೆ ಹುಷಾರಿಲ್ಲವೆಂದು ಪಕ್ಕದೂರಿಂದ ಹೇಳಿಕಳಿಸಿದರು. ಹೋಗದೆ ಇರುವುದು ಹೇಗೆ?

"ನೆತ್ತಿ ಮ್ಯಾಲೆ ಹೊತ್ತು ಬಂದಾಗ ಬಿದಿರು ಮಂಕರಿ ಮುಚ್ಚು, ಎಳೆ ಸಸಿ ಬಾಡ್ತವೆ. ತಿಳೀತಾ?"

"ತಿಳೀತು ಕಣವ್ವ."

ಐದು ದಿನ ಬಿಟ್ಟು ಬಂದಳು. ಬಾಗಿಲಿಗೂ ಹೋಗಲಿಲ್ಲ, ನೇರ ಹಿತ್ತಲಿಗೇ ಬಂದಳು. ಮೂರು ಸಸಿಗೆ ಮೂರು ಮಂಕರಿ, ಒಂದೊಂದರ ಮೇಲೂ ಸಗಣಿ ಬಳಿದು, ಮೇಲೊಂದು ಕಲ್ಲು ಹೇರಿದ್ದಾನೆ! ಎತ್ತಿ ನೋಡಿದರೆ ಸಸಿಗಳು ಬೆಳ್ಳಗೆ ಬಿಳಚಿಕೊಂಡು ನೆಲಕ್ಕೆ ಮಲಗಿವೆ.

"ಯಾವಾಗ್ಲಾ ಮುಚ್ಚಿದ್ದು?"

"ನೀನು ಹೋದ ದಿನ! ನೆತ್ತಿ ಮ್ಯಾಲೆ ಹೊತ್ತು ಬಂದಾಗ!"

"ತೆಗೆದಿದ್ದು?"

"ತೆಗೀಬಾರ್ದಲ್ಲವ್ವ! ಮುಚ್ಚಿದ ಮ್ಯಾಲೆ ಮುಚ್ಚಿದಂಗೇ! ಇಣುಕ್ಲೇ ಇಲ್ಲ ಕಣವ್ವ ನಾನು, ಆಣೆಗೂ!"

ದೇವೀರಮ್ಮ ಮಂಕರಿಯನ್ನೇ ತೆಗೆದು ಬೀಸಿದಳು. ಅದು ಅವನ ಬೆನ್ನಿಗೆ ಬಿದ್ದು ಉರುಳಿತು. "ಗಿಡಕ್ಕೂ ಜೀವ ಅದೆ ಕಣೋ ಪಾಪಿ! ಬೆಳಕು ಬೇಕು, ಗಾಳಿ ಬೇಕು! ನಿನ್ನಂಗೇ ಅದೂ ಅಂದ್ಕೊ! ನೀನು ಉಣ್ಣುವಾಗ ಅದಕ್ಕೂ ಉಣ್ಣಿಸು, ನೀನು ಮೀಯುವಾಗ ಅದನ್ನೂ ಮೀಯಿಸು! ತಿಳೀತಾ?"

"ತಿಳೀತು ಕಣವ್ವ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಉಳಿದದ್ದು ಮೂರು. ಅದರಲ್ಲಿ ಎರಡನ್ನು ಊರಿದಳು. ಒಂದನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಗನ ಮೇಲೆ ನಂಬಿಕೆ ಇದ್ದಿದ್ದರೆ ಯಾಕೆ ಗಂಟು ಹಾಕಿಕೊಳ್ಳುತ್ತಿದ್ದಳು ಹೇಳಿ! ಎರಡೂ ಸಸಿ ದಪ್ಪ ಎಲೆ ಬಿಟ್ಟುಕೊಂಡು ಬಂದವು. ದೇವೀರಮ್ಮನ ಮುಖದಲ್ಲಿ ನಗು ಕಂಡದ್ದು ಆ ನಾಲ್ಕು ದಿನ.

ಉಗಾದಿ ಬಂತು. ಹಂಡೆಯಲ್ಲಿ ನೀರು ಕಾದಿತ್ತು. ಅವಳು ಒಳಗೆ ಹೋಳಿಗೆ ತಟ್ಟುತ್ತಿದ್ದಳು. ಹಿತ್ತಲಲ್ಲಿ ಮುದ್ದೀರ ಯಾರನ್ನೋ ಮುದ್ದು ಮಾಡುವುದು ಕೇಳಿಸಿತು. "ಅಳಬ್ಯಾಡಿ ಅಳಬ್ಯಾಡಿ, ಆಗೋಯ್ತು, ಇನ್ನೊಂದೇ ಚೊಂಬು!"

ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಎಲೆಗೆಲ್ಲ ಹರಳೆಣ್ಣೆ, ಮೇಲೆ ಸೀಗೆಪುಡಿ, ಅದರ ಮೇಲೆ ಹೊಗೆಯಾಡುವ ಬಿಸಿನೀರು. ಬುಡದಲ್ಲಿ ಒಂದು ಚಿಟಿಕೆ ಬೇವುಬೆಲ್ಲ. ಸಸಿ ಎರಡೂ ಬೆಂದ ಸೊಪ್ಪಾಗಿ ಜೋತು ಬಿದ್ದಿವೆ.

"ಹಬ್ಬದ ಎಣ್ಣೆನೀರು ಕಣವ್ವ! ಕಣ್ಣಿಗೆ ಸೀಗೆ ಬೀಳದಂಗೆ ಮೀಯಿಸ್ದೆ!"

ಆಗ ದೇವೀರಮ್ಮ ಅಳುತ್ತಾ ಕೂಗಿದ ಕೂಗಿಗೆ ಬೀದಿಯವರೆಲ್ಲ ಹೋಳಿಗೆ ಬಿಟ್ಟು ಎದ್ದು ಬಂದರು. "ಬಿಸಿನೀರು ಹುಯ್ದು ನಮ್ಮವ್ವನ್ನೇ ಕೊಂದಲ್ಲೋ! ಗಿಡಕ್ಕೆ ತಣ್ಣೀರು ಕಣೋ, ತಣ್ಣೀರು! ಬೀಜ ಊರೋ ಬದಲು ಅವತ್ತೇ ನಿನ್ನ ಗುಂಡಿಗಿಳಿಸಿ ಮಣ್ಣೆಳೆದಿದ್ರೆ, ಒಂದಾದ್ರೂ ಬುದ್ಧಿವಂತ ಪಿಂದೆ ಬಿಡ್ತಿತ್ತೇನೋ! ತಿಳೀತಾ?"

ಮುದ್ದೀರ ಈ ಸಲ ಬಹಳ ಹೊತ್ತು ಯೋಚನೆ ಮಾಡಿದ. ಅವ್ವ ಅಳುವುದನ್ನು ಅವನು ನೋಡಿದ್ದು ಅದೇ ಮೊದಲು.

"ತಿಳೀತು ಕಣವ್ವ," ಅಂದ, ಮೆಲ್ಲಗೆ.

ಉಳಿದದ್ದು ಒಂದು. ಮೂರನೇ ದಿನ ದೇವೀರಮ್ಮ ಗಂಟು ಬಿಚ್ಚಿ ಅದನ್ನು ಚಿಪ್ಪಿನಲ್ಲಿ ನೆನೆ ಹಾಕಿದಳು. ಮಾರನೇ ಬೆಳಗ್ಗೆ ಮೊಣಕಾಲುದ್ದ ಗುಂಡಿ ತೋಡಿ, ಗೊಬ್ಬರ ಕಲಸಿ, ಬಿಂದಿಗೆ ಹಿಡಿದು ಬಾವಿಗೆ ಹೊರಟಳು. ಮಗನಿಗೆ ಮುಟ್ಟು ಅಂತಲೂ ಹೇಳಲಿಲ್ಲ, ಮುಟ್ಟಬೇಡ ಅಂತಲೂ ಹೇಳಲಿಲ್ಲ. ಹೇಳಿದ್ದಕ್ಕೆಲ್ಲ ಆದದ್ದು ಸಾಲದೇ?

ಬಿಂದಿಗೆ ಹೊತ್ತು ಬಂದು ನೋಡುತ್ತಾಳೆ. ಗುಂಡಿ ಮುಚ್ಚಿದೆ. ಮಧ್ಯದಲ್ಲಿ ಮುದ್ದೀರ ನೆಟ್ಟಗೆ ನಿಂತಿದ್ದಾನೆ. ಮೊಣಕಾಲವರೆಗೂ ಮಣ್ಣು, ಬುಡಕ್ಕೆ ತಣ್ಣೀರು, ತಲೆಯ ಮೇಲೆ ಮಂಕರಿ. ಗಾಳಿ ಬೆಳಕಿಗೆ ಅಂತ ಮಂಕರಿಯನ್ನು ಒಂದು ಕಡೆ ಎತ್ತಿ ಹಿಡಿದಿದ್ದಾನೆ. ಅವಳು ಹೇಳಿದ ಒಂದು ಮಾತನ್ನೂ ಮರೆತಿಲ್ಲ.

ಬಿಂದಿಗೆ ಕೈಜಾರಿತು. "ಬೀಜ ಎಲ್ಲೋ?"

ಮುದ್ದೀರ ಹೊಟ್ಟೆ ಸವರಿಕೊಂಡ. "ನುಂಗ್ದೆ ಕಣವ್ವ. ಬೀಜ ಇಲ್ದೆ ಬರೀ ನನ್ನ ನೆಟ್ರೆ ಕುಂಬಳ ಹೆಂಗೆ ಬಿಡ್ತದೆ?"

ಒಂಬತ್ತೂ ಹೋದವು. ತವರು ಹೋಯಿತು. ದೇವೀರಮ್ಮ ಕೈ ಎತ್ತಿದಳು, ತೋರುಬೆರಳು ನೆಟ್ಟಗೆ ಅವನ ಮುಖಕ್ಕೆ ಚಾಚಿದಳು. "ಲೋ! ನೀನು..."

ಮುದ್ದೀರ ಮಂಕರಿ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಅವ್ವಾ! ಬೆರಳು ತೋರಿಸಬ್ಯಾಡ ಕಣವ್ವಾ! ಕೊಳೆತು ಹೋಯ್ತೀನಿ! ನಿನಗೆ ಇರೋದು ಇದೊಂದೇ ಪಿಂದೆ!"

ದೇವೀರಮ್ಮ ತನ್ನ ಬೆರಳನ್ನೇ ನೋಡಿಕೊಂಡಳು. ಆಮೇಲೆ ಬೆರಳು ಮಡಚಿಕೊಂಡಳು.