ಹೊಸ್ತಿಲು ಹೊತ್ತ ಅರಸ

ಒಂದಾನೊಂದು ಊರಿನಲ್ಲಿ ಒಂದು ಅರಮನೆ. ಅದರ ಗೋಡೆ ಎಷ್ಟು ದಪ್ಪ ಅಂದರೆ, ಈಚೆ ಸೀನಿದ್ದು ಆಚೆ ಕೇಳೋ ಹೊತ್ತಿಗೆ ನೆಗಡಿ ವಾಸಿಯಾಗಿರುತ್ತಿತ್ತು. ನಗಬೇಡ್ರಪ್ಪ, ಕತೆ ಇನ್ನೂ ಶುರುವೇ ಆಗಿಲ್ಲ!

ಅಲ್ಲಿನ ಅರಸ ಬೊಪ್ಪನಾಯಕ ತನ್ನ ತಾಯಿಗೆ ಅಂತ ಒಂದು ಉಪಗ್ರಹ ರೇಡಿಯೊ ತಂದ. ಆಕಾಶದಲ್ಲಿ ಉಪಗ್ರಹ ಹಾಡಿದರೆ ಕೆಳಗೆ ಇದು ಹಾಡುತ್ತಿತ್ತು. ಅಂಗಳದಲ್ಲಿಟ್ಟರೆ ಹಾಡು. ಒಳಗೆ ತಂದರೆ ಬರೀ ಗೊರಗೊರ.

"ಹಾಡು ಕೇಳದೆ ತುತ್ತು ಮುಟ್ಟಲ್ಲ," ಅಂದಳು ಮುದುಕಿ.

"ಅಂಗಳಕ್ಕೆ ಬಾರವ್ವ."

"ಹೊಸ್ತಿಲು ದಾಟಲ್ಲ ಅಂತ ಆಣೆ ಇಟ್ಟಿದ್ದೀನಲ್ಲೋ!"

ಹಿಂದೊಮ್ಮೆ ಅಂಗಳದಲ್ಲಿ ಒಂದು ಕಾಗೆ ಅವಳನ್ನು ಬೈದಿತ್ತು. ಅವತ್ತಿನಿಂದ ಆಣೆ.

ಮುದುಕಿ ಉಪವಾಸ ಕೂತಳು. ಅರಸ ತಡೆಯಲಾರದೆ ರೇಡಿಯೊವನ್ನೇ ಕೇಳಿದ, "ಒಳಗೆ ಯಾಕಯ್ಯಾ ಹಾಡಲ್ಲ?"

"ನಂಗೆ ಆಕಾಶ ಕಾಣಬೇಕು ಬುದ್ಧಿ," ಅಂತು ರೇಡಿಯೊ.

ಸರಿ, ಅದನ್ನು ಮಾಳಿಗೆ ಮೇಲಿಟ್ಟ. ಮೆಟ್ಟಿಲಿಗೊಬ್ಬ ಆಳು ನಿಲ್ಲಿಸಿದ. ಹಾಡು ಬಾಯಿಂದ ಬಾಯಿಗೆ ಇಳಿದು ಬರಲಿ ಅಂತ. ಮೇಲೆ ಜೋಗುಳವಾಗಿ ಹೊರಟದ್ದು ಕೆಳಗೆ ಉಪ್ಪಿನಕಾಯಿ ಹಾಕೋ ವಿಧಾನವಾಗಿ ಬಂತು.

"ಉಪ್ಪು ಜಾಸ್ತಿ," ಅಂದಳು ಮುದುಕಿ. ಅನ್ನ ಮುಟ್ಟಲಿಲ್ಲ.

ರಾಣಿ ದಿನಾ ಬೆಳಗ್ಗೆ ಹೊಸ್ತಿಲು ತೊಳೆದು ಅರಿಶಿನ ಹಚ್ಚುವವಳು. ಅವಳಂದಳು, "ಅತ್ತೆ ಹೊಸ್ತಿಲು ದಾಟಬಾರದು, ಅಷ್ಟೇ ತಾನೆ? ಅದನ್ನೇ ಹೊತ್ತುಕೊಂಡು ಮುಂದೆ ನಡೀರಿ."

ಅರಸ ಹೊಸ್ತಿಲು ಕಿತ್ತು ಹೆಗಲಿಗೇರಿಸಿದ. ಅರಸ ಮುಂದೆ, ಮುದುಕಿ ಹಿಂದೆ, ರೇಡಿಯೊ ಹೊತ್ತ ರಾಣಿ ಅವಳ ಹಿಂದೆ. ಅಂಗಳ ಮುಗಿಯಿತು, ಬೀದಿ ಮುಗಿಯಿತು, ಮುದುಕಿ ಹೊಸ್ತಿಲು ಮಾತ್ರ ದಾಟಲಿಲ್ಲ. ಊರೆಲ್ಲ ಮನೆಯೊಳಗಾಯಿತು. ಜನ ಗಡಬಡಿಸಿ ಚಪ್ಪಲಿ ಬಿಟ್ಟರು. ಕಾಗೆಯೂ ಮನೆಯದೇ ಆಯಿತು. ಮನೆಯವರು ಬೈದರೆ ಯಾರಾದರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರಾ?

ಬಯಲಲ್ಲಿ ರೇಡಿಯೊ ಗಂಟಲು ಬಿಚ್ಚಿ ಹಾಡಿತು. ಮುದುಕಿ ಕಣ್ಣು ಮುಚ್ಚಿ ಕೇಳಿದಳು. ಎಷ್ಟು ಖುಷಿ ಅಂತೀರಿ!

"ಇನ್ನಾದರೂ ಉಣ್ಣವ್ವ."

"ಅಯ್ಯೋ, ಉಪಗ್ರಹವೂ ಈಗ ಮನೆಯೊಳಗೇ ಇದೆಯಲ್ಲೋ. ಬಂದ ನೆಂಟರನ್ನು ಬಿಟ್ಟು ಉಣ್ಣೋದು ಹೆಂಗೆ?"

ಅರಸ ತಲೆ ಮೇಲೆ ಕೈ ಹೊತ್ತು ಕೂತ. ರೇಡಿಯೊ ಮೆಲ್ಲಗೆ ಕೆಮ್ಮಿತು. "ಅವ್ವಾ, ಉಪಗ್ರಹದ ಬಾಯಿ ನಾನೇ."

ರಾಣಿ ತುಪ್ಪ ಸುರಿದು ರೇಡಿಯೊಗೆ ಹೋಳಿಗೆ ತಿನ್ನಿಸಿದಳು. ಆಮೇಲೆ ಮುದುಕಿ ಗಡದ್ದಾಗಿ ಉಂಡಳು. ಮುದುಕಿ ತೇಗಿದಳು, ರೇಡಿಯೊ ತೇಗಿತು, ಆಕಾಶದಿಂದಲೂ ಒಂದು ತೇಗು ಬಂತು.

ನೀತಿ ಬೇಕಾ? ಗೋಡೆ ದಪ್ಪವಿದ್ದರೆ ಹೊಸ್ತಿಲು ಹಗುರವಿರಲಿ. ಮುದುಕಿಗೆ ತಿರುಗಾಟದ ರುಚಿ ಹತ್ತಿದೆ, ಅರಸ ಇನ್ನೂ ಹೊತ್ತುಕೊಂಡು ಹೋಗುತ್ತಲೇ ಇದ್ದಾನೆ. ಈಗಷ್ಟೇ ನಮ್ಮ ಬೀದಿಯನ್ನೂ ದಾಟಿದ. ಅಂದರೆ ನೀವೂ ಮನೆಯೊಳಗೇ ಕೂತಿದ್ದೀರಿ. ಏಳಿ, ಕೈ ತೊಳೀರಿ, ಎಲೆ ಹಾಕಿದೆ.